ಫಲಿತಾಂಶದ ಪಟ್ಟಿ ಯಾರ ಲೆಕ್ಕ? ಬೆಂಗಳೂರು ಗ್ರಾಮಾಂತರದ ಶಾಲೆಗಳು ಮತ್ತು ಪರೀಕ್ಷಾ ಸುಧಾರಣೆಯ ಚರಿತ್ರೆ

ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ 2019ರಲ್ಲಿ ರಾಜ್ಯಕ್ಕೆ ಮೂರನೆಯದು, 2020ರಲ್ಲಿ ಎರಡನೆಯದು. 2023ರಲ್ಲಿ ಶೇ 96.48 ಪಡೆದು ನಾಲ್ಕನೇ ಸ್ಥಾನದಲ್ಲಿತ್ತು. ಮರುವರ್ಷವೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಅವೇ ಶಾಲೆಗಳು, ಬಹುಮಟ್ಟಿಗೆ ಅದೇ ಪಠ್ಯ. ಆದರೆ ಫಲಿತಾಂಶ ಶೇ 83.67ಕ್ಕೆ ಇಳಿಯಿತು. 2025ರ ಮೊದಲ ಸುತ್ತಿನ ಪರೀಕ್ಷೆಯಲ್ಲಿ (ಪರೀಕ್ಷೆ-1) ಶೇ 74.02ಕ್ಕೆ ಬಂತು. ಎರಡೇ ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳ ಕಲಿಕೆ ಇಷ್ಟು ಕುಸಿಯುವುದಿಲ್ಲ. ಬದಲಾದದ್ದು ಅಳೆಯುವ ರೀತಿ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಶೇ 20ರಷ್ಟು ಕೃಪಾಂಕ ಕೊಟ್ಟ ಮೇಲೆ. 2023ರಲ್ಲಿ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ 21ಕ್ಕೆ ಜಾರಿತು. ಹದಿನೆಂಟು, ಹತ್ತೊಂಬತ್ತರಲ್ಲಿದ್ದ ಉಡುಪಿ ಮತ್ತು ದಕ್ಷಿಣ ಕನ್ನಡ ಮೊದಲೆರಡು ಸ್ಥಾನಕ್ಕೆ ಬಂದವು. ಇದನ್ನು ಯಾವುದೋ ಜಿಲ್ಲೆಯ ಶಿಕ್ಷಕರ ಮೇಲಿನ ಆರೋಪವಾಗಿ ಓದಬಾರದು. ಪಟ್ಟಿಯಲ್ಲಿ ಮೇಲಿರಬೇಕೆಂಬ ಒತ್ತಡ ಜಿಲ್ಲಾಧಿಕಾರಿಯಿಂದ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ (ಡಿಡಿಪಿಐ), ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ), ಅಲ್ಲಿಂದ ಮುಖ್ಯ ಶಿಕ್ಷಕರಿಗೆ ಇಳಿಯುತ್ತದೆ. ಕೊನೆಗೆ ಅದನ್ನು ಹೊರುವುದು ಹತ್ತನೇ ತರಗತಿಯ ಮಗು.

ಆ ಒತ್ತಡ ತರಗತಿಯೊಳಗೆ ಏನು ಮಾಡುತ್ತದೆ ಎಂಬುದನ್ನು ಗಣಿತದ ‘ಪಾಸಿಂಗ್ ಪ್ಯಾಕೇಜ್’ ಚೆನ್ನಾಗಿ ತೋರಿಸುತ್ತದೆ. 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ಪಾಸಾಗಲು 28 ಅಂಕ ಸಾಕು ಎಂಬ ನಿಯಮವಿದ್ದಾಗ ಲೆಕ್ಕಾಚಾರ ಸರಳವಾಗಿತ್ತು. ಎರಡು ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯದ ಸಾಧನೆ, ಓಜೀವ್, ವೃತ್ತಕ್ಕೆ ಸ್ಪರ್ಶಕದ ರಚನೆ: ಇಷ್ಟನ್ನು ಜನವರಿಯಿಂದ ಮಾರ್ಚ್‌ವರೆಗೆ ದಿನವೂ ಬರೆಸಿದರೆ ಹಿಂದುಳಿದ ಮಗುವೂ ಗಡಿ ದಾಟುತ್ತಿತ್ತು. ನಕ್ಷೆಯ ಮೇಲೆ ಎರಡು ಗೆರೆಗಳನ್ನು ತಪ್ಪಿಲ್ಲದೆ ಎಳೆಯುವ ಹುಡುಗಿಗೆ, ಅವು ಕೂಡುವ ಬಿಂದುವೇ ಏಕೆ ಪರಿಹಾರ ಎಂಬುದು ತಿಳಿದಿರಬೇಕಾಗಿಲ್ಲ. ಐದನೇ ತರಗತಿಯ ಭಾಗಾಕಾರವೂ ಬಾರದಿರಬಹುದು. ಶಾಲೆ ಮುಗಿದ ಮೇಲೂ ಕೂತು ಇದನ್ನು ಬರೆಸುವ ಶಿಕ್ಷಕರ ಶ್ರಮ ದೊಡ್ಡದು, ಆ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಮಗು ಐದು ವರ್ಷಗಳ ಹಿಂದೆಯೇ ಹಿಂದೆ ಬಿದ್ದಿತ್ತು. ಅದನ್ನು ಯಾರೂ ಯಾವ ಸಭೆಯಲ್ಲೂ ಕೇಳಿರಲಿಲ್ಲ.

ಫಲಿತಾಂಶವನ್ನು ಹಣಕ್ಕೂ ಮರ್ಯಾದೆಗೂ ಕಟ್ಟುವ ಚಾಳಿ ಹೊಸದಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ತಂದ ಸಂಹಿತೆಯಂತೆ, ಇನ್‌ಸ್ಪೆಕ್ಟರ್ ಎದುರು ಮಕ್ಕಳು ಓದು, ಬರಹ, ಲೆಕ್ಕದಲ್ಲಿ ತೇರ್ಗಡೆಯಾದಷ್ಟು ಶಾಲೆಗೆ ಅನುದಾನ. ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಮ್ಯಾಥ್ಯೂ ಆರ್ನಲ್ಡ್ ಅದನ್ನು ಬಲವಾಗಿ ವಿರೋಧಿಸಿದರು. ಪದ್ಧತಿ ಭಾರತಕ್ಕೂ ಬಂತು. 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಅದನ್ನು ಒಪ್ಪಿತು. 1904ರಲ್ಲಿ ಕರ್ಜನ್ ಸರ್ಕಾರದ ಶಿಕ್ಷಣ ನಿರ್ಣಯ ಅದನ್ನು ತಳ್ಳಿಹಾಕಿತು. ಒಂದು ಶತಮಾನದ ನಂತರ ಅಮೆರಿಕ ಅದೇ ದಾರಿ ಹಿಡಿದಾಗ ಏನಾಯಿತೆಂಬುದಕ್ಕೆ ಅಟ್ಲಾಂಟಾ ಸಾಕ್ಷಿ. 2011ರ ತನಿಖೆಯಲ್ಲಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯಸ್ಥರು ಮಕ್ಕಳ ಉತ್ತರ ತಿದ್ದಿದ ಪ್ರಕರಣದಲ್ಲಿ ಸಿಕ್ಕಿಬಿದ್ದರು.

ಕರ್ನಾಟಕದಲ್ಲಿ ಬೇರೊಂದು ದಾರಿಯೂ ಇತ್ತು. 1990ರ ದಶಕದ ನಡುವಿನಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿಯಲ್ಲಿ ಮಗು ಕಾರ್ಡುಗಳ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಏರುತ್ತದೆ. ಮೌಲ್ಯಮಾಪನವೂ ಏಣಿಯ ಒಂದು ಮೆಟ್ಟಿಲು. ಅದರಲ್ಲಿ ಎಡವಿದ ಮಗು ನಪಾಸಾಗುವುದಿಲ್ಲ, ಹಿಂದಿನ ಕಾರ್ಡಿಗೆ ಮರಳುತ್ತದೆ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ ಆರಂಭದ ತರಗತಿಗಳಿಗೆ ಬಂತು. ಹೊಸಕೋಟೆ, ದೇವನಹಳ್ಳಿಯ ಕಡೆ ತೆಲುಗು ಮನೆಮಾತಿನ ಮಕ್ಕಳು ಕನ್ನಡ ಅಕ್ಷರಕ್ಕೆ ಒಗ್ಗಿಕೊಳ್ಳಲು ಬೇಕಾದ ಸಮಯವನ್ನು ಇಂಥ ಪದ್ಧತಿಯೇ ಕೊಡಬಲ್ಲದು.

ನಲಿ-ಕಲಿ ರಾಜ್ಯಕ್ಕೆಲ್ಲ ಹರಡುವ ಮುನ್ನವೇ, 2002ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದೊಂದಿಗೆ ಸೇರಿ ಈಶಾನ್ಯ ಕರ್ನಾಟಕದಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ನಡೆಸಿತು. ಶಾಲೆಗಳು ತಾವಾಗಿ ಬಂದು ಹೊರಗಿನವರಿಂದ ಅಳೆಸಿಕೊಳ್ಳುತ್ತಿದ್ದವು. ಆ ಅನುಭವದಿಂದ 2005-06ರಲ್ಲಿ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ಹುಟ್ಟಿತು. ಯಾವ ಸಾಮರ್ಥ್ಯದಲ್ಲಿ ಮಕ್ಕಳು ಹಿಂದಿದ್ದಾರೆ ಎಂದು ವ್ಯವಸ್ಥೆಗೆ ತಿಳಿಸುವುದು ಅದರ ಆಶಯ. ನನ್ನ ಓದಿನಲ್ಲಿ ನಮ್ಮ ಪರೀಕ್ಷಾ ಚರಿತ್ರೆಯ ಅತ್ಯಂತ ಭರವಸೆಯ ಘಟ್ಟ ಅದೇ.

2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಅದರ 30ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗಳಿಗೆ ಪರೀಕ್ಷೆಯ ಬಾಗಿಲು ತೆರೆಯಿತು. 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಈ ಎರಡು ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ಎಂದಿತು. ಯಾರನ್ನೂ ನಪಾಸು ಮಾಡುವುದಿಲ್ಲ ಎಂಬ ಭರವಸೆಯೂ ಜೊತೆಗಿತ್ತು. 2023ರ ಮಾರ್ಚ್ 10ರಂದು ಹೈಕೋರ್ಟ್ ಏಕಸದಸ್ಯ ಪೀಠ ಸುತ್ತೋಲೆಗಳನ್ನು ರದ್ದು ಮಾಡಿತು. ಐದು ದಿನಕ್ಕೆ ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ಕೊಟ್ಟಿತು.

ಮರುವರ್ಷ ಒಂಬತ್ತನೇ ತರಗತಿಯೂ ಸೇರಿದಾಗ ಮಕ್ಕಳ ಪಾಡು ಇನ್ನೂ ಕಷ್ಟವಾಯಿತು. ಮಾರ್ಚ್ 6ಕ್ಕೆ ಹೈಕೋರ್ಟಿನಲ್ಲಿ ಪರೀಕ್ಷೆ ರದ್ದು, 7ಕ್ಕೆ ಆ ಆದೇಶಕ್ಕೇ ತಡೆ, 11ಕ್ಕೆ ಪರೀಕ್ಷೆ ಆರಂಭ, 12ಕ್ಕೆ ಸುಪ್ರೀಂ ಕೋರ್ಟ್‌ನಿಂದ ಮತ್ತೆ ನಿಲುಗಡೆ. 22ರಂದು ಹೈಕೋರ್ಟ್ ಒಪ್ಪಿ, 25ರಿಂದ ಉಳಿದ ವಿಷಯಗಳ ಪರೀಕ್ಷೆ. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಹತ್ತು ವರ್ಷದ ಮಗು ಕನ್ನಡ ಬರೆದು, ಗಣಿತ ಯಾವಾಗ ಎಂದು ಮನೆಯಲ್ಲಿ ಕೇಳುತ್ತ ಕೂರಬೇಕಾಯಿತು. ನ್ಯಾಯಾಲಯದ ಮೆಟ್ಟಿಲೇರಿದ್ದು ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು. 2001ರಲ್ಲಿ ಹಳ್ಳಿಹಳ್ಳಿಯಲ್ಲಿ ರಚನೆಯಾದ ಎಸ್‌ಡಿಎಂಸಿಗಳು, ಅಂದರೆ ಸರ್ಕಾರಿ ಶಾಲೆಯ ಪೋಷಕರದೇ ಸಮಿತಿಗಳು, ಈ ಚರ್ಚೆಯ ಮುಂಚೂಣಿಯಲ್ಲಿ ಕಾಣಲಿಲ್ಲ. ಉತ್ತರದಾಯಿತ್ವದ ಮಾತು ನಿಜವಾಗಬೇಕಿದ್ದರೆ ಮೊದಲು ಅವರನ್ನು ಕೇಳಬೇಕಿತ್ತು.

2025-26ರಿಂದ ಎಸ್‌ಎಸ್‌ಎಲ್‌ಸಿ ಪಾಸಿಗೆ ಬೇಕಾದ ಒಟ್ಟು ಕನಿಷ್ಠ ಅಂಕ 625ಕ್ಕೆ 206ಕ್ಕೆ, ಅಂದರೆ ಸುಮಾರು ಶೇ 33ಕ್ಕೆ, ಇಳಿದಿದೆ. ಗಡಿ ಕೆಳಗಿಳಿದರೆ ಪಟ್ಟಿ ಮತ್ತೆ ಮೇಲೇರುತ್ತದೆ, ಯಾವ ಶಾಲೆಯ ಯಾವ ಕಲಿಕೆಯೂ ಅದರಿಂದ ತಿಳಿಯುವುದಿಲ್ಲ. ಬೇಕಿರುವುದು ಎರಡು. ಮೂರು ಮತ್ತು ಐದನೇ ತರಗತಿಯಲ್ಲಿ ಮಗುವಿನ, ಶಾಲೆಯ ಹೆಸರು ಹೊರಬರದ ಮಾದರಿ ಸಮೀಕ್ಷೆ; ಅದರ ಫಲ ಆ ತಾಲ್ಲೂಕಿನ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೂ (ಸಿಆರ್‌ಪಿ) ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೂ (ಡಯಟ್) ಆ ವರ್ಷವೇ ತಲುಪಬೇಕು. ಎರಡನೆಯದು, ಬೀರಸಂದ್ರದ ಜಿಲ್ಲಾಡಳಿತ ಭವನದ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಯಲ್ಲಿ ಓದುವ ಫಲಿತಾಂಶದ ಪಕ್ಕದಲ್ಲೇ ಪ್ರತಿ ಪ್ರೌಢಶಾಲೆಯಲ್ಲಿ ಖಾಲಿ ಇರುವ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರ ಹುದ್ದೆ, ಅದು ಖಾಲಿಯಾದ ದಿನಾಂಕ, ಭರ್ತಿ ಮಾಡಬೇಕಾದ ಅಧಿಕಾರಿಯ ಹುದ್ದೆ, ಈ ಮೂರು ಕಾಲಂ ಕಡ್ಡಾಯವಾಗಬೇಕು. ಮುಖ್ಯ ಶಿಕ್ಷಕರಿಗೆ ನೋಟಿಸ್ ಕೊಡುವ ಮೊದಲು ಆ ಕಾಲಂಗಳಿಗೆ ಸಭೆ ಉತ್ತರ ಪಡೆಯಲಿ.