ಓಝೋನ್ ತೂತಿನ ಜಾಡು ಹಿಡಿದವರು

ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೊಮ್ಮೆ ಹಂಪಿ–ಹೊಸಪೇಟೆ ಸೀಮೆಯಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಕಲ್ಲುಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಸಂಡೂರಿನ ಗುಡ್ಡದಲ್ಲಿ ಅದಿರು ಅಗೆಯುವವರಿಗೂ ಕಂಪ್ಲಿಯ ಗದ್ದೆಯಲ್ಲಿ ದುಡಿಯುವವರಿಗೂ ಆ ಬಿಸಿಲಿನ ಕಾವು ಗೊತ್ತು. ಆದರೆ ಚರ್ಮಕ್ಕೆ ಹುಣ್ಣು, ಕಣ್ಣಿಗೆ ಪೊರೆ ತರಬಲ್ಲ ಅತಿನೇರಳೆ ಕಿರಣಗಳು ಕಾಣುವುದಿಲ್ಲ. ಅವುಗಳ ಬಹುಪಾಲನ್ನು ಮೇಲೆಯೇ ಹೀರಿಕೊಳ್ಳುವುದು ಓಝೋನ್ ಅನಿಲ.

ಈ ಕೊಡೆ ಎಷ್ಟು ತೆಳು ಎಂದರೆ, ನಮ್ಮ ತಲೆಯ ಮೇಲಿರುವ ಓಝೋನನ್ನೆಲ್ಲ ನೆಲಮಟ್ಟಕ್ಕೆ ತಂದು ಹರಡಿದರೆ ಅದರ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್ ಮಾತ್ರ. ವಿಜ್ಞಾನಿಗಳ ಲೆಕ್ಕದಲ್ಲಿ ಇದು 250–270 ಡಾಬ್ಸನ್ ಮಾನ. ಓಝೋನ್ ಹೆಚ್ಚಾಗಿ ತಯಾರಾಗುವುದು ಉಷ್ಣವಲಯದ ಪ್ರಖರ ಬಿಸಿಲಿನಲ್ಲೇ. ಆದರೆ ಮೇಲ್ಮಟ್ಟದ ನಿಧಾನ ಗಾಳಿ ಅದನ್ನು ಧ್ರುವಗಳತ್ತ ಸಾಗಿಸುತ್ತದೆ. ಬಳ್ಳಾರಿಯ ಬಿಸಿಲಿಗೂ ಅಂಟಾರ್ಕ್ಟಿಕದ ಹಿಮಕ್ಕೂ ಇರುವ ನಂಟು ಇದು.

ಇದೇ ಹಾದಿಯಲ್ಲಿ ವಿಷವೂ ಸಾಗಬಲ್ಲದು. ಫ್ರಿಜ್, ಏರ್ ಕಂಡಿಷನರ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್, ಅಂದರೆ ಸಿಎಫ್‌ಸಿ, ಬೆಂಕಿ ಹತ್ತದ, ಯಾವುದರೊಂದಿಗೂ ಬೆರೆಯದ ಸಾಧು ಅನಿಲ. ಹಾಗೆಂದೇ ಅದು ಐವತ್ತರಿಂದ ನೂರು ವರ್ಷ ವಾಯುಮಂಡಲದಲ್ಲಿ ಉಳಿಯುತ್ತದೆ. ಮೆಲ್ಲನೆ ಮೇಲೇರಿ, ಅತಿನೇರಳೆ ಕಿರಣಕ್ಕೆ ಸಿಕ್ಕಿ ಒಡೆದು ಕ್ಲೋರಿನ್ ಬಿಡುತ್ತದೆ. ಒಂದೊಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ನುಂಗಬಲ್ಲದೆಂದು ಮೊಲಿನಾ ಮತ್ತು ರೋಲೆಂಡ್ ಎಂಬಿಬ್ಬರು ರಸಾಯನ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು.

ಮರುವರ್ಷವೇ ಇನ್ನೊಂದು ಎಚ್ಚರಿಕೆ ಬಂತು. ಈ ಬಾರಿ ಹೇಳಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಓದಿದ್ದ ವೀರಭದ್ರನ್ ರಾಮನಾಥನ್. ಅದಕ್ಕೂ ಮೊದಲು ಅವರು ಸಿಕಂದರಾಬಾದಿನ ಫ್ರಿಜ್ ಕಂಪನಿಯೊಂದರಲ್ಲಿ ಇದೇ ಅನಿಲ ಯಾಕೆ ಸೋರುತ್ತದೆಂದು ಹುಡುಕುವ ಕೆಲಸದಲ್ಲಿದ್ದರು. ಭೂಮಿಯನ್ನು ಬಿಸಿಮಾಡುವುದರಲ್ಲಿ ಒಂದು ಸಿಎಫ್‌ಸಿ ಅಣು ಹತ್ತು ಸಾವಿರಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಅಣುಗಳಿಗೆ ಸಮವೆಂದು ಅವರು ಲೆಕ್ಕ ಹಾಕಿ ತೋರಿಸಿದರು.

ಮಾತು ನಿಜವೋ ಎಂದು ತಿಳಿಯಲು ಅಳತೆ ಬೇಕಿತ್ತು. ಭಾರತದಲ್ಲಿ ಆ ಅಳತೆಗೆ ಅಡಿಪಾಯ ಹಾಕಿದವರಲ್ಲಿ ಅನ್ನಾ ಮಣಿ ಪ್ರಮುಖರು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ವಜ್ರಗಳ ಬೆಳಕನ್ನು ಅಭ್ಯಸಿಸಿದ ಅವರಿಗೆ, ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಮುಂದೆ ಹವಾಮಾನ ಇಲಾಖೆ ಸೇರಿದ ಅವರು 1960ರ ದಶಕದಲ್ಲಿ ಪುಣೆಯಲ್ಲಿ ದೇಶೀ ಓಝೋನ್‌ಸಾಂಡ್ ಸಿದ್ಧಪಡಿಸಿದರು. ಬಲೂನಿಗೆ ಕಟ್ಟಿ ಹಾರಿಬಿಟ್ಟರೆ ಯಾವ ಎತ್ತರದಲ್ಲಿ ಎಷ್ಟು ಓಝೋನ್ ಇದೆಯೆಂದು ರೇಡಿಯೋ ಮೂಲಕ ಹೇಳುವ ಪುಟ್ಟ ಪೆಟ್ಟಿಗೆ ಅದು. ಈ ಉಪಕರಣ ಮುಂದೆ ಅಂಟಾರ್ಕ್ಟಿಕದ ಭಾರತೀಯ ನೆಲೆಗಳಿಂದಲೂ ಮೇಲೇರಿತು. ಹೊಸಪೇಟೆಗೆ ಈಶಾನ್ಯದಲ್ಲಿರುವ ಹೈದರಾಬಾದಿನಿಂದ 1980ರ ದಶಕದಲ್ಲಿ ಹಾರಿಸಿದ ದೊಡ್ಡ ಬಲೂನುಗಳು ಮೇಲಿನ ಗಾಳಿಯನ್ನೇ ಹಿಡಿದು ತಂದವು. ಅದರಲ್ಲೂ ಸಿಎಫ್‌ಸಿ ಇತ್ತು.

ಆಘಾತ ಬಂದದ್ದು ದಕ್ಷಿಣ ಧ್ರುವದ ಕಡೆಯಿಂದ. ಹ್ಯಾಲಿ ನೆಲೆಯ ಬ್ರಿಟಿಷ್ ವಿಜ್ಞಾನಿಗಳಾದ ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್, ಅಲ್ಲಿ ವಸಂತ ಋತುವಾದ ಅಕ್ಟೋಬರಿನಲ್ಲಿ ಹಿಂದೆ 300ರಷ್ಟಿದ್ದ ಓಝೋನ್ ಮಾನ 200ಕ್ಕಿಂತ ಕೆಳಗಿಳಿದಿದೆ ಎಂದು 1985ರ ಮೇ ತಿಂಗಳಲ್ಲಿ ಪ್ರಕಟಿಸಿದರು. 1978ರಿಂದ ಮೇಲೆ ಸುತ್ತುತ್ತಿದ್ದ ನಿಂಬಸ್–7 ಉಪಗ್ರಹವೂ ಈ ಕುಸಿತವನ್ನು ಕಂಡಿತ್ತು. ಆದರೆ ತೀರಾ ಕಡಿಮೆ ಅಂಕಿಗಳಿಗೆ ‘ಸಂದೇಹಾಸ್ಪದ’ ಎಂಬ ಗುರುತು ಹಾಕುವಂತೆ ಅದರ ಕಂಪ್ಯೂಟರಿಗೆ ಹೇಳಿಡಲಾಗಿತ್ತು. ಆ ಅಂಕಿಗಳನ್ನು ಪರಿಶೀಲಿಸಿ, ತೂತು ಇಡೀ ಖಂಡದಗಲ ಹರಡಿದೆಯೆಂದು ನಕ್ಷೆಯಲ್ಲಿ ತೋರಿಸಿದ ನಾಸಾ ತಂಡದಲ್ಲಿ ಭಾರತೀಯ ಮೂಲದ ಪಿ.ಕೆ. ಭಾರ್ತಿಯಾ ಇದ್ದರು.

ತೂತಿದೆ ನಿಜ, ಮಾಡಿದ್ದು ಯಾರು? ಸೂರ್ಯನ ಚಟುವಟಿಕೆ ಎಂದರು ಕೆಲವರು. ಗಾಳಿಯ ದಿಕ್ಕು ಬದಲಾದದ್ದು ಎಂದರು ಇನ್ನು ಕೆಲವರು. 1986ರಲ್ಲಿ ಮೆಕ್‌ಮರ್ಡೊ ನೆಲೆಗೆ ಹೋದ ಸೂಸನ್ ಸಾಲೊಮನ್ ತಂಡ ಕ್ಲೋರಿನ್ ಕಡೆಗೆ ಬೆರಳು ತೋರಿಸಿತು. ಅಲ್ಲಿಂದ ಹಾರಿಸಿದ ಬಲೂನುಗಳು ನಷ್ಟವೆಲ್ಲ 12ರಿಂದ 20 ಕಿಲೋಮೀಟರ್ ನಡುವೆ ಆಗುತ್ತಿದೆಯೆಂದವು. ಮೈನಸ್ 78 ಡಿಗ್ರಿಗಿಂತ ತಣ್ಣಗಿನ ಆ ಕತ್ತಲೆಯಲ್ಲಿ ವಿಚಿತ್ರ ಮೋಡಗಳು ಹುಟ್ಟುತ್ತವೆ. ಅವುಗಳ ಮೈಮೇಲೆ ಕ್ಲೋರಿನ್ ಬಿಡುಗಡೆಗೆ ಸಿದ್ಧವಾಗುತ್ತದೆ. ವಸಂತದ ಮೊದಲ ಬಿಸಿಲು ಬಿದ್ದೊಡನೆ ಓಝೋನ್ ಬೇಟೆ ಶುರು. ಇದು ಸಾಲೊಮನ್ ಮತ್ತು ಸಂಗಡಿಗರ ವಾದ.

ಕೊನೆಯ ಸಾಕ್ಷ್ಯಕ್ಕೆ ವಿಮಾನವೇ ಬೇಕಾಯಿತು. 1987ರಲ್ಲಿ ಚಿಲಿ ದೇಶದ ಪುಂಟಾ ಅರೇನಾಸ್‌ನಿಂದ ನಾಸಾದ ಇಆರ್–2 ವಿಮಾನ ಹಾರಿತು. ಯು–2 ಬೇಹುಗಾರ ವಿಮಾನದ ತಮ್ಮನಂತಿರುವ ಇದರಲ್ಲಿ ಒಂದೇ ಎಂಜಿನ್, ಒಬ್ಬನೇ ಪೈಲಟ್. ಕೆಳಗೆ ಹಿಮ, ಇಳಿಯಲು ಜಾಗವಿಲ್ಲ. ಆದರೂ ಸುಮಾರು 18 ಕಿಲೋಮೀಟರ್ ಎತ್ತರದಲ್ಲಿ ಅದು ತೂತಿನೊಳಕ್ಕೇ ನುಗ್ಗಿತು. ಹಾರ್ವರ್ಡಿನ ಜೇಮ್ಸ್ ಆಂಡರ್ಸನ್ ಅವರ ಉಪಕರಣ ಕ್ಲೋರಿನ್ ಮಾನಾಕ್ಸೈಡನ್ನು ಅಳೆಯಿತು. ಆಗಸ್ಟ್ 23ರ ಹಾರಾಟದಲ್ಲಿ ಅದು ಹೇರಳವಾಗಿತ್ತು, ಓಝೋನೂ ಇತ್ತು. ಸೆಪ್ಟೆಂಬರ್ 16ರ ಹೊತ್ತಿಗೆ ಅದು ಏರಿದಲ್ಲೆಲ್ಲ ಓಝೋನ್ ಇಳಿದಿತ್ತು. ಎರಡು ಗೆರೆಗಳು ಒಂದಕ್ಕೊಂದು ಕನ್ನಡಿ ಹಿಡಿದಂತಿದ್ದವು. ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಕಾಕತಾಳೀಯವೆಂಬಂತೆ, ಸಿಎಫ್‌ಸಿ ಬಳಕೆಯನ್ನು ಹತೋಟಿಗೆ ತರುವ ಮಾಂಟ್ರಿಯಲ್ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದ್ದೂ ಅದೇ ದಿನ. ಆ ಹಾರಾಟದ ಫಲ ಆಗಿನ್ನೂ ಅವರ ಕೈಸೇರಿರಲಿಲ್ಲ. ಅದು ಕೈಸೇರಿದ ಮೇಲೆ ಒಪ್ಪಂದ ಮತ್ತೆ ಮತ್ತೆ ಬಿಗಿಯಾಯಿತು. ಭಾರತ 1992ರಲ್ಲಿ ಸೇರಿತು. 2010ರಿಂದ ಬಡ ದೇಶಗಳಲ್ಲೂ ಸಿಎಫ್‌ಸಿ ತಯಾರಿಕೆ ಬಹುತೇಕ ನಿಂತಿತು. ಬದಲಿಗೆ ಬಂದ ಎಚ್‌ಎಫ್‌ಸಿಗಳು ಓಝೋನನ್ನು ಮುಟ್ಟವು. ಆದರೆ ಭೂಮಿಯನ್ನು ಬಿಸಿಮಾಡುತ್ತವೆ. ಅವನ್ನೂ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯ ಹಿಂದೆ ರಾಮನಾಥನ್ ತೋರಿಸಿದ ದಾರಿಯಿದೆ.

ತೂತು ಇನ್ನೂ ಪ್ರತಿ ವಸಂತದಲ್ಲಿ ತೆರೆದುಕೊಳ್ಳುತ್ತದೆ. ಹಳೆಯ ಕ್ಲೋರಿನ್ ಬೇಗ ಖಾಲಿಯಾಗುವಂಥದ್ದಲ್ಲ. ಅಂಟಾರ್ಕ್ಟಿಕದ ಮೇಲೆ 1980ರ ಮಟ್ಟ ಮರಳಲು ಸುಮಾರು 2066ರವರೆಗೆ ಕಾಯಬೇಕೆಂದು ವಿಶ್ವಸಂಸ್ಥೆಯ ತಜ್ಞರು 2022ರಲ್ಲಿ ಅಂದಾಜು ಮಾಡಿದ್ದಾರೆ. ಅಂದು ಕೆಟ್ಟ ಫ್ರಿಜ್ಜುಗಳಿಂದ ಸೋರಿದ ಅನಿಲಕ್ಕೆ ಇಂದಿನ ಮಕ್ಕಳು ತಮ್ಮ ನಡುವಯಸ್ಸಿನವರೆಗೂ ಲೆಕ್ಕ ಕೊಡಬೇಕಾಗಿದೆ. ಆ ಲೆಕ್ಕ ಸರಿಯಾಗಿ ನಡೆಯುತ್ತಿದೆಯೇ ಎಂದು ಹೇಳುವುದು ಬಲೂನು, ವಿಮಾನ, ಉಪಗ್ರಹಗಳ ತಪ್ಪದ ಅಳತೆಯೇ.