ಊರಿಗಿಂತ ಮೊದಲು ಬಂದ ಪತ್ರಿಕೆ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ನಮ್ಮ ಗಾದೆಗೆ ಇತಿಹಾಸದಿಂದ ಅಕ್ಷರಶಃ ನಿದರ್ಶನವನ್ನು ಬೇಡುವವರು ನ್ಯೂಜಿಲೆಂಡಿನ ಆದ್ಯ ಪತ್ರಿಕಾಕರ್ತನಾದ ಸ್ಯಾಮ್ಯುಯಲ್ ರೆವನ್ಸನ ವೃತ್ತಾಂತವನ್ನು ನೋಡಬಹುದು. 1839ರ ಆಗಸ್ಟ್ 21ರಂದು ಲಂಡನ್ನಿನಲ್ಲಿ ಆತನು ‘ನ್ಯೂಜಿಲೆಂಡ್ ಗೆಜೆಟ್’ನ ಪ್ರಥಮ ಸಂಚಿಕೆಯನ್ನು ಹೊರಡಿಸಿದಾಗ, ಅದು ಯಾವ ಊರಿಗೆ ಉದ್ದಿಷ್ಟವಾಗಿತ್ತೋ ಆ ಊರಿನ ಒಂದು ಗೋಡೆಯೂ ಎದ್ದಿರಲಿಲ್ಲ, ಅಷ್ಟೇಕೆ, ವಲಸೆಯ ವ್ಯವಹಾರವನ್ನು ಕೈಗೊಂಡಿದ್ದ ನ್ಯೂಜಿಲೆಂಡ್ ಕಂಪನಿಯು ಆ ನೆಲವನ್ನು ಅಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳ ಮುಖಂಡರಿಂದ ಕ್ರಯಕ್ಕೆ ಪಡೆದೆನೆಂದು ಹೇಳಿಕೊಂಡ ಪತ್ರಕ್ಕೆ ಗುರುತು ಬಿದ್ದುದೇ ಮರುತಿಂಗಳ ಕೊನೆಯಲ್ಲಿ.

1808ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಮುದ್ರಣದ ಕಸುಬನ್ನು ಕಲಿತು, ಕೆನಡಾದ ಮಾಂಟ್ರಿಯಲ್‌ನಲ್ಲಿ ಚಾಪ್ಮನ್ ಎಂಬ ಮಿತ್ರನೊಡನೆ ದಿನಪತ್ರಿಕೆಯೊಂದನ್ನು ನಡೆಸಿ ಅನುಭವ ಗಳಿಸಿದ್ದ ರೆವನ್ಸನು, ಅಚ್ಚಿನ ಯಂತ್ರವನ್ನು ಹಡಗಿಗೇರಿಸಿ ತಂದು, 1840ರ ಏಪ್ರಿಲ್ 18ರಂದು ಪೆಟೋನೆಯ ಕಡಲದಂಡೆಯಲ್ಲಿ ಎರಡನೆಯ ಸಂಚಿಕೆಯನ್ನು ಪ್ರಕಟಿಸಿದನು. ಹಟ್ ನದಿಯ ನೆರೆಗೆ ಬೇಸತ್ತ ವಲಸಿಗರು ಕೊಲ್ಲಿಯ ಆಚೆ ದಡಕ್ಕೆ ಸರಿದು ವೆಲಿಂಗ್ಟನ್ನನ್ನು ಕಟ್ಟಿದಾಗ ಪತ್ರಿಕೆಯೂ ಅವರನ್ನು ಅನುಸರಿಸಿತು. ಕಂಪನಿಯ ಪಕ್ಷವನ್ನು ವಹಿಸಿ ಬರೆದ ಲೇಖನಿ ಅದು. ಸ್ವತಂತ್ರ ಲೇಖನಿಯೆಂದು ಹೊಗಳಲು ನನಗೆ ಮನಸ್ಸಾಗದು.

1844ರಲ್ಲಿ ಪತ್ರಿಕೆ ನಿಂತಿತು. ತರುವಾಯ ಆತನು, ವೆಲಿಂಗ್ಟನ್ನಿನ ಬೀದಿಗಳಿಗೆ ನಕ್ಷೆ ಎಳೆದ ಕ್ಯಾಪ್ಟನ್ ವಿಲಿಯಂ ಮೀನ್ ಸ್ಮಿತ್‌ನ ಪಾಲುದಾರಿಕೆಯಲ್ಲಿ, ಪರ್ವತಶ್ರೇಣಿಯ ಪೂರ್ವಕ್ಕಿರುವ ವೈರರಾಪಾ ಬಯಲಿನ ಹುವಾಂಗರುವಾದಲ್ಲಿ ಕುರಿ ಸಾಕಣೆಗೆ ತೊಡಗಿದನು. ಇಲ್ಲಿ ವಿಧಿಯ ವಿನೋದವನ್ನು ಗಮನಿಸಬೇಕು: ಹುಲ್ಲುಗಾವಲು ಮಾವೋರಿಗಳದು, ವರ್ಷವರ್ಷವೂ ಗೇಣಿ ತೆರುವವರು ಬಿಳಿಯರು. ನೆಲವನ್ನು ಕಾಗದದ ಮೇಲೆ ಮಾರಿದವರ ಪರವಾಗಿ ವಾದಿಸಿದ್ದವನು ನೆಲದ ನಿಜವಾದ ಒಡೆಯರಿಗೆ ಒಕ್ಕಲಾದನು. ಸರಕಾರದ ಮಧ್ಯಸ್ಥಿಕೆಯಿಲ್ಲದ ಇಂಥ ಗೇಣಿಯನ್ನು 1846ರ ಶಾಸನವು ನಿಷೇಧಿಸಿತಾದರೂ ಅಧಿಕಾರಿಗಳು ಬಹುಮಟ್ಟಿಗೆ ಕಣ್ಣು ಮುಚ್ಚಿಕೊಂಡರು. ಉಣ್ಣೆಯೂ ಬೇಕಿತ್ತು, ವಲಸಿಗರ ವಿರೋಧವೂ ಬೇಡವಾಗಿತ್ತು. ಮಾವೋರಿಗಳಿಗೂ ಅದು ಒಪ್ಪಿಗೆಯೇ ಆಗಿತ್ತು: ಗೇಣಿ ಬರುತ್ತಿತ್ತು, ನೆಲ ಉಳಿಯುತ್ತಿತ್ತು. 1853ರಲ್ಲಿ ಸರಕಾರವೇ ಬಯಲನ್ನು ಭಾಗಭಾಗವಾಗಿ ಕೊಳ್ಳತೊಡಗಿದಾಗ ಆ ಏರ್ಪಾಡು ಮುರಿಯಿತು.

ಅದೇ ವರ್ಷ ನಡೆದ ಮೊದಲ ಮಹಾಚುನಾವಣೆಯಲ್ಲಿ ವೈರರಾಪಾ ಮತ್ತು ಹಾಕ್ಸ್ ಬೇ ಕ್ಷೇತ್ರದಿಂದ ರೆವನ್ಸನು ಚುನಾಯಿತನಾದನು. ಮತದ ಹಕ್ಕು ಸ್ವಂತ ಹೆಸರಿನ ಆಸ್ತಿಯುಳ್ಳ ಗಂಡಸರಿಗೆ ಮೀಸಲಾಗಿದ್ದುದರಿಂದ, ಕುಲದ ಸಮಷ್ಟಿ ಒಡೆತನದಲ್ಲಿ ನೆಲ ಹೊಂದಿದ್ದ ಮಾವೋರಿಗಳಲ್ಲಿ ಬಹುತೇಕರು ಮತದಾರರಾಗಿರಲಿಲ್ಲ. ಒಕ್ಕಲು ಶಾಸನಸಭೆಯಲ್ಲಿ ಕುಳಿತನು, ಒಡೆಯರು ಹೊರಗುಳಿದರು. 1858ರವರೆಗೆ ಸದಸ್ಯನಾಗಿದ್ದು, ಅವಿವಾಹಿತನಾಗಿಯೇ ಉಳಿದ ಆತನು 1888ರಲ್ಲಿ ಅದೇ ಬಯಲಿನ ಗ್ರೇಟೌನಿನಲ್ಲಿ ತೀರಿಕೊಂಡನು. ಮಾವೋರಿಗಳಿಗೆ ಶಾಸನಸಭೆಯಲ್ಲಿ ನಾಲ್ಕು ಸ್ಥಾನಗಳು ದೊರೆತುದು 1867ರ ಕಾಯಿದೆಯಿಂದ, ಆತನು ಸಭೆಯನ್ನು ಬಿಟ್ಟು ಒಂಬತ್ತು ವರ್ಷಗಳಾದ ಮೇಲೆ.