ಚಿತ್ರದ ದೋಷವೋ, ಉಪಕರಣದ ದೋಷವೋ?

ಶಾಸನದ ಅಕ್ಷರವೊಂದು ಪರಿಚಿತವಲ್ಲದಾಗ ಅದನ್ನು ಕಂಡರಿಸಿದವನ ತಪ್ಪೆಂದು ಓದುವವನು ಬಗೆಯುವುದುಂಟು. ಗಣಕಯಂತ್ರದ ಇತಿಹಾಸದಲ್ಲಿಯೂ ಇಂತಹದೊಂದು ಪ್ರಸಂಗವಿದೆ. ಮೈಕ್ರೋಸಾಫ್ಟ್ ಸಂಸ್ಥೆಯು 1998ರಲ್ಲಿ ಹೊರತಂದ ವಿಷುಯಲ್ ಬೇಸಿಕ್ 6 ಎಂಬ ತಂತ್ರಾಂಶ ರಚನೆಯ ಉಪಕರಣವು ಕೆಲವು ಚಿತ್ರಗಳನ್ನು ತೋರಿಸಲೊಲ್ಲದೆ 481ನೆಯ ಸಂಖ್ಯೆಯ ದೋಷಸೂಚನೆಯನ್ನು ಕೊಡುತ್ತಿದ್ದಿತು. ‘ಇನ್‌ವ್ಯಾಲಿಡ್ ಪಿಕ್ಚರ್’, ಅಂದರೆ ಚಿತ್ರವೇ ಅಸಿಂಧು, ಎಂಬುದು ಅದರ ಒಕ್ಕಣೆ. ದೋಷವು ನಿಜವಾಗಿ ಚಿತ್ರದಲ್ಲಿದ್ದಿತೇ ಎಂಬುದು ವಿಚಾರಣೀಯವಾಗಿದೆ.

ಹಳೆಯ ಪದ್ಧತಿಯ ಐಕಾನಿನಲ್ಲಿ ಬಣ್ಣದ ಪದರದೊಡನೆ ಮುಸುಕಿನ ಪದರವೊಂದಿರುತ್ತಿದ್ದಿತು. ಮುಸುಕಿನಲ್ಲಿ ಪ್ರತಿಯೊಂದು ಚುಕ್ಕೆಗೂ ಒಂದೇ ಬಿಟ್. ಆದುದರಿಂದ ಚುಕ್ಕೆಯು ಪೂರ್ಣವಾಗಿ ಕಾಣಬೇಕು, ಇಲ್ಲವೇ ಪೂರ್ಣವಾಗಿ ಮರೆಯಾಗಬೇಕು; ನಡುವಣ ಸ್ಥಿತಿಯಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯು 32 ಬಿಟ್ಟುಗಳ ಐಕಾನನ್ನು ಬಳಕೆಗೆ ತಂದಿತು. ಇವುಗಳಲ್ಲಿ 24 ಬಣ್ಣಕ್ಕೆ, ಉಳಿದ 8 ಪಾರದರ್ಶಕತೆಗೆ. ಹೀಗೆ 256 ಮಟ್ಟಗಳು ದೊರೆತು, ಅಂಚುಗಳು ನಯವಾದವು, ನೆರಳುಗಳು ಮೃದುವಾದವು. ಮೂರು ವರ್ಷ ಹಿಂದಿನ ಉಪಕರಣಕ್ಕೆ ಈ ಪಾಠವು ಓದಲು ಬಾರದಾಯಿತು.

ಆದರೆ ಕಾಲವೊಂದೇ ಕಾರಣವೆನ್ನುವಂತಿಲ್ಲ. ಪಿಎನ್‌ಜಿ ಚಿತ್ರಪದ್ಧತಿಯು 1996ರಲ್ಲಿಯೇ ವಿಧಿವತ್ತಾಗಿ ನಿರೂಪಿತವಾಗಿದ್ದಿತು. ಎರಡು ವರ್ಷಗಳ ತರುವಾಯ ಬಂದ ಈ ಉಪಕರಣವು ಬಿಎಂಪಿ, ಜಿಫ್, ಜೆಪೆಗ್‌ಗಳನ್ನು ಓದಿತೇ ಹೊರತು ಪಿಎನ್‌ಜಿಯನ್ನು ಓದಲಿಲ್ಲ.

ಚಿತ್ರವು ನಿರ್ದೋಷಿಯೆಂಬುದಕ್ಕೆ ಪ್ರಬಲವಾದ ಸಾಕ್ಷ್ಯವಿದೆ. ತಂತ್ರಾಂಶ ರಚಿಸುವವರು ಉಪಕರಣವನ್ನು ಬದಿಗಿರಿಸಿ, ಐಕಾನನ್ನು ತೆರೆಯುವಂತೆ ನೇರವಾಗಿ ವಿಂಡೋಸನ್ನೇ ಕೇಳಿಕೊಂಡಾಗ ಅದೇ ಚಿತ್ರವು ಅದೇ ಯಂತ್ರದಲ್ಲಿ ಸರಿಯಾಗಿ ಮೂಡುತ್ತಿದ್ದಿತು. ಈ ಉಪಾಯವನ್ನರಿಯದವರು ಐಕಾನನ್ನು 256 ಬಣ್ಣಗಳಿಗೆ ಇಳಿಸಿ, ಮೃದುವಾದ ನೆರಳನ್ನು ಬಿಟ್ಟುಕೊಟ್ಟರು.

ಕನ್ನಡಿಗರಿಗೆ ಈ ಪ್ರಸಂಗವು ದೂರದ್ದಲ್ಲ. ಅದೇ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಯೂನಿಕೋಡ್ ಅಕ್ಷರವಿನ್ಯಾಸವೂ ಬಂದಿತು. ಆದರೆ ವಿಷುಯಲ್ ಬೇಸಿಕ್ 6ರ ಫಲಕಗಳು ಪಠ್ಯವನ್ನು ಹಳೆಯ ಸಂಕೇತಪಟ್ಟಿಗೆ ಇಳಿಸಿಯೇ ತೋರಿಸುತ್ತಿದ್ದವು. ಆ ಪಟ್ಟಿಗಳಲ್ಲಿ ಕನ್ನಡಕ್ಕೆ ಸ್ಥಾನವಿರಲಿಲ್ಲವಾಗಿ, ಅಕ್ಷರಗಳಿದ್ದೆಡೆ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿದವು. ಅಲ್ಲಿಯೂ ಬರೆಹವು ಶುದ್ಧವಾಗಿಯೇ ಇದ್ದಿತು.

ಉಪಕರಣಕ್ಕೆ ತಯಾರಕರ ಬೆಂಬಲವು 2008ರ ಏಪ್ರಿಲಿನಲ್ಲಿ ನಿಂತಿತು. ಅದರಲ್ಲಿ ರಚಿತವಾದ ತಂತ್ರಾಂಶಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳನ್ನು ಕಾಪಿಡುವವರು ಇಳಿಸಿದ ಪ್ರತಿಯನ್ನೇ ಮೂಲವೆಂದು ಭಾವಿಸಿ ಮೂಲವನ್ನು ಕಳೆದರೆ ಆ ನಷ್ಟವು ತುಂಬಿಬಾರದು. ದೋಷಸೂಚನೆಯು ಉಪಕರಣವು ತನ್ನ ಅರಿವಿನ ಎಲ್ಲೆಯನ್ನು ಕುರಿತು ನುಡಿದ ಸಾಕ್ಷ್ಯ. ಅದನ್ನು ಚಿತ್ರದ ಮೇಲಿನ ತೀರ್ಪೆಂದು ಇತಿಹಾಸಕಾರನು ಗ್ರಹಿಸಲಾಗದು.